ಧೈರ್ಯ ಬರಲಿ ಅಂತ ಕಾಯಬೇಡಿ: ವರ್ಚುವಲ್ ಅಸಿಸ್ಟೆಂಟ್ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವ ದಾರಿ

"ನನ್ನ ಕೈಲಿ ಆಗುತ್ತಾ?"

ಮನೆಯಲ್ಲೇ ಕೂತು ವರ್ಚುವಲ್ ಅಸಿಸ್ಟೆಂಟ್ ಕೆಲಸ ಮಾಡಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು ಇದನ್ನೇ. ದುಡ್ಡು ಎಷ್ಟು ಬರುತ್ತೆ, ಲ್ಯಾಪ್‌ಟಾಪ್ ಯಾವುದು ತಗೋಬೇಕು ಅನ್ನುವುದೆಲ್ಲ ಆಮೇಲೆ. ನಾನೂ ಅದೇ ಪ್ರಶ್ನೆ ಇಟ್ಟುಕೊಂಡು ಒಂದೂವರೆ ವರ್ಷ ಸುಮ್ನೆ ಕಳೆದಿದ್ದೇನೆ. ಸಾಗರದಲ್ಲಿ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಮಗಳು ಹುಟ್ಟಿದ ಮೇಲೆ ಬಿಟ್ಟೆ. ಎಂಟು ವರ್ಷ ಮನೆಯಲ್ಲಿದ್ದೆ. ಮತ್ತೆ ಶುರು ಮಾಡಬೇಕು ಅಂದಾಗ ಯೂಟ್ಯೂಬಿನಲ್ಲಿ ಸಿಕ್ಕ ವಿಡಿಯೋ ಎಲ್ಲಾ ನೋಡಿದೆ, ಎರಡು ಕೋರ್ಸಿಗೆ ದುಡ್ಡು ಕಟ್ಟಿದೆ, ಪಟ್ಟಿ ಮಾಡಿ ಇಟ್ಟೆ. ಧೈರ್ಯ ಮಾತ್ರ ಬರಲಿಲ್ಲ.

ಅದು ಬಂದದ್ದು ಒಂದು ಸಣ್ಣ ಕೆಲಸವನ್ನು ಪೂರ್ತಿ ಮಾಡಿ, ಇನ್ನೊಬ್ಬರ ಕೈಗೆ ಕೊಟ್ಟು, ಅವರು "ಸರಿ ಇದೆ" ಅಂದ ದಿನ. ಹಾಗಾಗಿ ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಆ ದಿನವನ್ನು ಆದಷ್ಟು ಬೇಗ ತರಿಸಿಕೊಳ್ಳುವುದಕ್ಕೆ.

ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ದೂರದಲ್ಲಿ ಕೂತು ಒಬ್ಬರ ಆಫೀಸು ಕೆಲಸ ನೋಡಿಕೊಳ್ಳುವುದು. ಮೇಲ್ ನೋಡಿ ಉತ್ತರ ಕೊಡುವುದು, ಮೀಟಿಂಗ್ ಹೊಂದಿಸುವುದು, ಬುಕಿಂಗ್, ಬಿಲ್ಲು, ಪಟ್ಟಿ, ಸೋಶಿಯಲ್ ಮೀಡಿಯಾ ಪೋಸ್ಟು, ಗ್ರಾಹಕರ ವಾಟ್ಸಾಪ್. ಡಾಕ್ಟರ್ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತವರು ಮಾಡುವ ಕೆಲಸದಲ್ಲಿ ಬಹುಪಾಲು ಇದೇ, ಕುರ್ಚಿ ಮಾತ್ರ ನಿಮ್ಮ ಮನೆಯಲ್ಲಿರುತ್ತೆ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್ ತಗೊಳ್ಳಿ

ರೆಸ್ಯೂಮೆ ಬೇಡ ಈಗ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಇದ್ದರೆ ಸಾಕು. ಇಲ್ಲಿವರೆಗೆ ನೀವು ಮಾಡಿದ, ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದ ಕೆಲಸಗಳನ್ನು ಬರೆಯಿರಿ. "ಕ್ಲರ್ಕ್ ಆಗಿದ್ದೆ" ಅಂತ ಬರೆದರೆ ಏನೂ ಕಾಣಿಸುವುದಿಲ್ಲ. ಬಿಡಿಸಿ ಬರೆಯಿರಿ. ನಾನು ಬರೆದದ್ದು ಹೀಗಿತ್ತು: ಅಡ್ಮಿಷನ್ ಸಮಯದಲ್ಲಿ ದಿನಕ್ಕೆ ನಲವತ್ತು ಅರ್ಜಿ ನೋಡಿ, ಮಾರ್ಕ್ಸ್ ಕಾರ್ಡ್ ಇಲ್ಲದ್ದನ್ನು ಬೇರೆ ಇಟ್ಟು, ಪೋಷಕರಿಗೆ ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದೆ. ಫೀಸು ಬಾಕಿ ಇರುವವರ ಪಟ್ಟಿ ಪ್ರತಿ ಸೋಮವಾರ ಪ್ರಿನ್ಸಿಪಾಲರ ಟೇಬಲ್ ಮೇಲೆ ಇಡುತ್ತಿದ್ದೆ. ಸಿಟ್ಟಿನಲ್ಲಿ ಬಂದ ಅಪ್ಪಂದಿರನ್ನು ಕೂರಿಸಿ ಮಾತಾಡಿಸುತ್ತಿದ್ದೆ.

ಇದನ್ನು ಈ ಕೆಲಸದ ಭಾಷೆಯಲ್ಲಿ ಹೇಳಿದರೆ ಡಾಕ್ಯುಮೆಂಟ್ ಚೆಕ್ಕಿಂಗ್, ಫಾಲೋಅಪ್, ವಾರದ ರಿಪೋರ್ಟು, ಕಸ್ಟಮರ್ ಸಪೋರ್ಟ್.

ನಮ್ಮ ಬೀದಿಯ ಒಬ್ಬ ಅಕ್ಕ "ನಾನೇನು ಮಾಡಿದ್ದೀನೇ, ಎಸ್ಸೆಸ್ಸೆಲ್ಸಿ ಆಗಿ ಮದುವೆ ಆಯ್ತು, ಅಷ್ಟೇ" ಅಂದರು. ಸ್ವಸಹಾಯ ಸಂಘದ ಲೆಕ್ಕ ಬರೆಯುವವರು ಯಾರು ಅಂತ ಕೇಳಿದೆ. ಅವರೇ, ಒಂಬತ್ತು ವರ್ಷದಿಂದ! ಹದಿನೈದು ಜನರ ಉಳಿತಾಯ, ಸಾಲ, ಬಡ್ಡಿ, ಕಂತು ತಪ್ಪಿಸಿದವರಿಗೆ ನೆನಪು ಮಾಡುವುದು, ಬ್ಯಾಂಕಿಗೆ ಹೋಗಿ ಬರುವುದು, ಎಲ್ಲಾ ಅವರದ್ದೇ. ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿಲ್ಲ. ಇದನ್ನು ಕೆಲಸ ಅಂತ ಯಾರೂ ಅವರಿಗೆ ಹೇಳಿರಲಿಲ್ಲ, ಅದೇ ನನಗೆ ಬೇಜಾರಾದದ್ದು.

ಎರಡನೇ ಹೆಜ್ಜೆ: ಮೂರೇ ಮೂರು ಸಾಧನ, ಮೂರು ವಾರ

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇಪ್ಪತ್ತು ಆಪ್ ಹೆಸರು ಹೇಳುತ್ತಾರೆ. ಟ್ರೆಲ್ಲೋ, ಸ್ಲ್ಯಾಕ್, ಕ್ಯಾನ್ವಾ, ಇನ್ನೂ ಏನೇನೋ. ಅವನ್ನೆಲ್ಲ ಆಯಾ ಕ್ಲೈಂಟ್ (ನಮಗೆ ಕೆಲಸ ಕೊಡುವವರು) ಬಂದಾಗ ಎರಡು ದಿನದಲ್ಲಿ ಕಲಿಯಬಹುದು. ಈಗ ಜಿಮೇಲ್, ಗೂಗಲ್ ಕ್ಯಾಲೆಂಡರ್, ಗೂಗಲ್ ಶೀಟ್ ಸಾಕು. ವಾರಕ್ಕೊಂದು.

ಜಿಮೇಲ್ ವಾರದಲ್ಲಿ ನಿಮ್ಮದೇ ಇನ್‌ಬಾಕ್ಸ್ ತೆಗೆಯಿರಿ. ಲೇಬಲ್ ಮಾಡಿ, ಫಿಲ್ಟರ್ ಹಾಕಿ, ಬೇಡದ್ದನ್ನು ಅನ್‌ಸಬ್‌ಸ್ಕ್ರೈಬ್ ಮಾಡಿ. ಮೇಲ್ ಕಳಿಸಿದ ಮೇಲೆ ಎದೆ ಡವಡವ ಅನ್ನುವವರಿಗೆ ಒಂದು ಸೆಟ್ಟಿಂಗ್ ಇದೆ: ಅನ್‌ಡೂ ಸೆಂಡ್. ಅದು ಮೊದಲಿಗೆ 5 ಸೆಕೆಂಡ್ ಇರುತ್ತೆ, 30 ಸೆಕೆಂಡಿಗೆ ಏರಿಸಿಡಿ. ಕಳಿಸು ಒತ್ತಿದ ಮೇಲೆ ಅರ್ಧ ನಿಮಿಷದೊಳಗೆ ವಾಪಸ್ ತಗೊಳ್ಳಬಹುದು. ಆ ಅರ್ಧ ನಿಮಿಷ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಕ್ಯಾಲೆಂಡರ್ ವಾರದಲ್ಲಿ ಎರಡನೇ ಟೈಮ್ ಝೋನ್ ಹಾಕಿ ನೋಡಿ, ಪಕ್ಕದಲ್ಲೇ ಲಂಡನ್ ಸಮಯವೋ ನ್ಯೂಯಾರ್ಕ್ ಸಮಯವೋ ಕಾಣಿಸುತ್ತೆ. ಇದರ ಬಗ್ಗೆ ಮುಂದೆ ಒಂದು ಕಥೆ ಹೇಳಲಿಕ್ಕಿದೆ. ಶೀಟ್ ವಾರದಲ್ಲಿ ಫಿಲ್ಟರ್, ಡ್ರಾಪ್‌ಡೌನ್, ಮೇಲಿನ ಸಾಲು ಫ್ರೀಜ್ ಮಾಡುವುದು, ಎರಡು ಸಲ ಬಂದ ಹೆಸರು ಹುಡುಕುವುದು, ಇಷ್ಟು ಕೈಗೆ ಬಂದರೆ ಸಾಕು.

ಈ ಮೂರು ವಾರದಲ್ಲಿ ತೋರಿಸಬಹುದಾದ ಎರಡು ಮೂರು ಮಾದರಿ ಕೆಲಸ ತಯಾರಾಗಬೇಕು. ನಾನು ಮಾಡಿದ್ದರಲ್ಲಿ ಒಂದು ಇದು. ಬೆಂಗಳೂರಿನಿಂದ ನಾಲ್ಕು ಜನ ಹಂಪಿಗೆ ಎರಡು ದಿನ ಹೋಗಬೇಕು, ಅದರಲ್ಲಿ ಒಬ್ಬರಿಗೆ ಮಂಡಿನೋವು ಅಂತ ನಾನೇ ಕಲ್ಪಿಸಿಕೊಂಡೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ಮಂಡಿನೋವಿನವರಿಗೆ ಮಾತಂಗ ಬೆಟ್ಟ ಬೇಡ, ಹಾಗಾಗಿ ಆ ಹೊತ್ತಿನಲ್ಲಿ ಅವರು ಎಲ್ಲಿ ಕೂತಿರಬಹುದು ಅಂತ ಬೇರೆ ಕಾಲಂ. ವಿಟ್ಠಲ ದೇವಸ್ಥಾನ ಬೆಳಿಗ್ಗೆ ಬಿಸಿಲು ಏರುವ ಮೊದಲು. ಎರಡು ಹೋಟೆಲ್ ಆಯ್ಕೆ, ಖರ್ಚಿನ ಅಂದಾಜು, ಎಲ್ಲಾ ಒಂದೇ ಶೀಟಿನಲ್ಲಿ. ಮಾಡಲು ಎರಡು ಸಂಜೆ ಹಿಡಿಯಿತು. ಆಮೇಲೆ ಇದನ್ನು ನೋಡಿದವರು ಮೆಚ್ಚಿದ್ದು ಆ ಮಂಡಿನೋವಿನ ಕಾಲಂ. ಹೇಳದೇ ಇದ್ದದ್ದನ್ನೂ ಯೋಚಿಸುವವರು ಬೇಕು ಅವರಿಗೆ.

ಮಾದರಿಯ ಮೇಲೆ "ಅಭ್ಯಾಸಕ್ಕೆ ಮಾಡಿದ್ದು" ಅಂತ ಬರೆದೇ ಬರೆಯಿರಿ. ಇಲ್ಲದ ಕ್ಲೈಂಟ್ ಹೆಸರು ಹಾಕಬೇಡಿ. ಸುಳ್ಳಿನ ಮೇಲೆ ನಿಂತರೆ ಪ್ರತಿ ಫೋನಿಗೂ ಹೆದರಿಕೆ ಆಗುತ್ತೆ, ಧೈರ್ಯ ಬೆಳೆಸಲು ಹೊರಟವರಿಗೆ ಅದು ಬೇಕಾ?

ಇಂಗ್ಲಿಷ್ ಭಯ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮಂಥವರು ನಿಂತುಬಿಡುವುದು ಇಲ್ಲೇ.

ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಬಹಳ ಕಮ್ಮಿ, ಆದರೆ ಅಷ್ಟು ಸ್ಪಷ್ಟವಾಗಿರಬೇಕು. ದಿನದ ಕೊನೆಗೆ ಕ್ಲೈಂಟಿಗೆ ಒಂದು ಅಪ್‌ಡೇಟ್ ಕಳಿಸಬೇಕು, ಅದನ್ನು ನಾನು ಮೂರು ಸಾಲಿನಲ್ಲಿ ಬರೆಯುತ್ತೇನೆ. ಡನ್: ಇವತ್ತು ಮುಗಿದದ್ದು. ಪೆಂಡಿಂಗ್: ಉಳಿದದ್ದು, ಯಾವಾಗ ಮುಗಿಯುತ್ತೆ. ನೀಡ್ ಫ್ರಮ್ ಯೂ: ನಿಮ್ಮಿಂದ ನನಗೆ ಬೇಕಾದದ್ದು. ಇದಕ್ಕೆ ವ್ಯಾಕರಣ ಪಂಡಿತರಾಗಬೇಕಾಗಿಲ್ಲ. ಹತ್ತು ದಿನ ನಿಮ್ಮ ಮನೆಕೆಲಸದ ಬಗ್ಗೆಯೇ ಇಂಥ ಅಪ್‌ಡೇಟ್ ಬರೆದು ಅಭ್ಯಾಸ ಮಾಡಿ. ಉದ್ದ ವಾಕ್ಯ ಬಂದರೆ ಮುರಿದು ಎರಡು ಮಾಡಿ.

ವಿಡಿಯೋ ಕಾಲ್ ಅಂದರೆ ಇನ್ನೂ ಹೆದರಿಕೆ, ಅಲ್ವಾ? ನಾನು ಮಾಡಿದ್ದು ಹೇಳುತ್ತೇನೆ. ಒಂದು ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದು ಸ್ಕ್ರೀನಿನ ಅಂಚಿಗೆ ಅಂಟಿಸಿದ್ದೆ: ವಾರಕ್ಕೆ ಎಷ್ಟು ಗಂಟೆ ಕೆಲಸ, ಮೊದಲ ವಾರ ಯಾವ ಕೆಲಸ ಮುಖ್ಯ, ಎಲ್ಲಿ ಮಾತಾಡುವುದು ಇಷ್ಟ, ದುಡ್ಡು ಯಾವಾಗ ಹೇಗೆ ಕೊಡುತ್ತೀರಿ. ಪ್ರಶ್ನೆ ಕೇಳುವವರ ಕೈಯಲ್ಲಿ ಮಾತು ಇರುತ್ತೆ. ಅರ್ಥ ಆಗದಿದ್ದರೆ "ನಾನು ಅರ್ಥ ಮಾಡಿಕೊಂಡದ್ದು ಇಷ್ಟು, ಸರಿಯಾ?" ಅಂತ ತಿರುಗಿಸಿ ಹೇಳಿ. ಕಾಲ್ ಮುಗಿದ ಅರ್ಧ ಗಂಟೆಯೊಳಗೆ ಮಾತಾಡಿದ್ದನ್ನೆಲ್ಲ ಮೇಲ್‌ನಲ್ಲಿ ಬರೆದು ಕಳಿಸಿ. ನನ್ನ ಉಚ್ಚಾರಣೆ ಬಗ್ಗೆ ಇವತ್ತಿನವರೆಗೆ ಯಾರೂ ಮಾತಾಡಿಲ್ಲ, ಆ ಮೇಲ್ ಬಗ್ಗೆ ಮಾತ್ರ ಎಲ್ಲರೂ ಥ್ಯಾಂಕ್ಸ್ ಹೇಳಿದ್ದಾರೆ.

ಇನ್ನೊಂದು ವಿಷಯ. ಕನ್ನಡ ಚೆನ್ನಾಗಿ ಬರೆಯಲು ಬರುವುದೇ ಒಂದು ಬಂಡವಾಳ. ಊರಿನ ಎಷ್ಟೋ ಸಂಸ್ಥೆಗಳ ಹಳೇ ಫೈಲುಗಳು ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿವೆ. ಅದನ್ನು ವೆಬ್‌ಸೈಟಿಗೋ ಫೇಸ್‌ಬುಕ್ಕಿಗೋ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತೆ. ಯೂನಿಕೋಡಿಗೆ, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ರೂಪಕ್ಕೆ, ಬದಲಾಯಿಸುವ ಕನ್ವರ್ಟರ್ ಇದೆ, ಆದರೆ ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲಿ ಕೆಟ್ಟಿದೆ ಅಂತ ಕಣ್ಣಿಟ್ಟು ನೋಡಿ ಸರಿ ಮಾಡಲು ಮನುಷ್ಯರೇ ಬೇಕು. ಕನ್ನಡ ಯೂಟ್ಯೂಬ್ ಚಾನೆಲ್‌ಗಳಿಗೆ ಸಬ್‌ಟೈಟಲ್, ಸೀರೆ ಮಾರುವವರಿಗೆ ಕನ್ನಡದಲ್ಲಿ ಪೋಸ್ಟು, ಇವೂ ಇವೆ.

ಮೊದಲ ಕ್ಲೈಂಟ್: ಗೊತ್ತಿದ್ದವರ ಸುತ್ತಲೇ ಹುಡುಕಿ

ಅಪ್‌ವರ್ಕ್, ಫೈವರ್‌ನಂಥ ಆನ್‌ಲೈನ್ ಕೆಲಸ ಸಿಗುವ ವೆಬ್‌ಸೈಟುಗಳಿವೆ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ರಿವ್ಯೂ ಇಲ್ಲದ ಹೊಸ ಪ್ರೊಫೈಲಿಗೆ ಉತ್ತರ ಬರುವುದು ಕಷ್ಟ. ಮೊದಲ ತಿಂಗಳೇ ಅಲ್ಲಿ ಕೂತು ಕಾದರೆ, ಆಗಷ್ಟೇ ಚಿಗುರಿದ ಧೈರ್ಯ ಬಾಡಿಹೋಗುತ್ತೆ. ನಾನು ಗೊತ್ತಿದ್ದ 23 ಜನರಿಗೆ ಮೆಸೇಜ್ ಮಾಡಿದೆ. ನಾಲ್ವರು ಉತ್ತರ ಕೊಟ್ಟರು. ಒಬ್ಬರು ಕೆಲಸ ಕೊಟ್ಟರು. ಆ ಒಬ್ಬರೇ ಸಾಕಾಯಿತು.

ಜೋಗದ ದಾರಿಯಲ್ಲಿ ನಾಲ್ಕು ರೂಮಿನ ಹೋಮ್‌ಸ್ಟೇ ನಡೆಸುವವರು ಅವರು. ನಾನು ಕಳಿಸಿದ ಮೆಸೇಜ್ ಇಷ್ಟೇ: "ಅಣ್ಣ, ನಿಮ್ಮ ಹೋಮ್‌ಸ್ಟೇಗೆ ವಾಟ್ಸಾಪಿನಲ್ಲಿ ಬರುವ ವಿಚಾರಣೆಗೆ ಉತ್ತರ ಕೊಡೋದು, ಬುಕಿಂಗ್ ಪಟ್ಟಿ ನೋಡ್ಕೊಳ್ಳೋದು ನಾನು ಮಾಡ್ತೀನಿ. ಎರಡು ವಾರ ನೋಡಿ. ದಿನಕ್ಕೆ ಎರಡು ಗಂಟೆ, ಎರಡು ವಾರಕ್ಕೆ ಮೂರು ಸಾವಿರ. ಇಷ್ಟ ಆದ್ರೆ ಮುಂದುವರಿಸೋಣ." "ಏನಾದ್ರೂ ಕೆಲಸ ಇದ್ರೆ ಹೇಳಿ" ಅಂತ ಬರೆದಿದ್ದರೆ ಅವರು "ಆಯ್ತಮ್ಮ ನೋಡೋಣ" ಅಂದು ಮರೆಯುತ್ತಿದ್ದರು. ಅವರ ತಲೆನೋವು ಯಾವುದು ಅಂತ ಗುರುತಿಸಿ, ಅದಕ್ಕೇ ಕೈ ಹಾಕಿ.

ಅವರ ತಲೆನೋವು ಏನಾಗಿತ್ತು ಅಂದರೆ, ಬುಕಿಂಗ್ ಅರ್ಧ ಒಂದು ಉದ್ದ ಲೆಕ್ಕದ ಪುಸ್ತಕದಲ್ಲಿ, ಅರ್ಧ ವಾಟ್ಸಾಪಿನಲ್ಲಿ, ಇನ್ನರ್ಧ ಅವರ ತಲೆಯಲ್ಲಿ. ದಸರಾ ರಜೆಯ ಶನಿವಾರ ಒಂದೇ ರೂಮಿಗೆ ಎರಡು ಸಂಸಾರ ಬಂದು ನಿಂತಿತ್ತಂತೆ. ನಾನು ಒಂದು ಶೀಟ್ ಮಾಡಿದೆ. ದಿನಾಂಕಕ್ಕೊಂದು ಸಾಲು, ರೂಮಿಗೊಂದು ಕಾಲಂ, ಜೊತೆಗೆ ಅಡ್ವಾನ್ಸ್ ಬಂತಾ, ಮಕ್ಕಳು ಎಷ್ಟು, ಊಟ ವೆಜ್ಜಾ ನಾನ್‌ವೆಜ್ಜಾ. ಅಡ್ವಾನ್ಸ್ ಬಂದರೆ ಆ ಚೌಕ ಹಸಿರು, ಬರದಿದ್ದರೆ ಹಳದಿ. ಹಸಿರು ಇದ್ದ ಕಡೆ ಬೇರೆ ಯಾರನ್ನೂ ಬರೆಯುವ ಹಾಗಿಲ್ಲ. ಅಷ್ಟೇ ನಿಯಮ.

ವಿಚಾರಣೆಗಳನ್ನು ಓದುತ್ತಾ ಹೋದರೆ ಜುಲೈ, ಆಗಸ್ಟಿನಲ್ಲಿ ಹತ್ತರಲ್ಲಿ ಏಳು ಜನ ಕೇಳುವುದು ಒಂದೇ: "ಜೋಗದಲ್ಲಿ ಈಗ ನೀರಿದೆಯಾ?" ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ, ಓರೆಗೆರೆ (/) ಒತ್ತಿ ಒಂದು ಪದ ಹಾಕಿದರೆ ಮೊದಲೇ ಬರೆದಿಟ್ಟ ಉತ್ತರ ಪೂರ್ತಿ ಬರುತ್ತೆ. ಪ್ರತಿ ಬೆಳಿಗ್ಗೆ ಅಣ್ಣನಿಗೆ ಕೇಳಿ ನೀರಿನ ಸಾಲನ್ನು ಬದಲಾಯಿಸುತ್ತಿದ್ದೆ. ಎರಡನೇ ವಾರದ ಕೊನೆಗೆ ಅವರು ಫೋನ್ ಮಾಡಿ, "ತಂಗೀ, ಮಧ್ಯಾಹ್ನ ಮಲಗೋಕೆ ಪುರಸೊತ್ತು ಸಿಕ್ತಾ ಇದೆ ನೋಡು" ಅಂದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ಒಂದು ಕಿವಿಮಾತು. ಮೊದಲ ಕೆಲಸ ಕಮ್ಮಿ ದುಡ್ಡಿಗೆ ಮಾಡಿ, ಪರವಾಗಿಲ್ಲ, ಆದರೆ ಬಿಟ್ಟಿ ಮಾಡಬೇಡಿ. ಬಿಟ್ಟಿ ಕೆಲಸಕ್ಕೆ ಕೊನೆಯ ದಿನ ಅಂತ ಇರುವುದಿಲ್ಲ.

ರೇಟು ಹೇಳುವಾಗ ಗಂಟಲು ಕಟ್ಟದಿರಲು

ಲೆಕ್ಕ ಕೈಯಲ್ಲಿದ್ದರೆ ಗಂಟಲು ಕಟ್ಟುವುದಿಲ್ಲ. ತಿಂಗಳಿಗೆ ಕನಿಷ್ಠ 15,000 ರೂಪಾಯಿ ಬೇಕು ಅಂದುಕೊಳ್ಳಿ. ದಿನಕ್ಕೆ 4 ಗಂಟೆ, 22 ದಿನ, ಒಟ್ಟು 88 ಗಂಟೆ. ಆದರೆ ಕ್ಲೈಂಟ್ ಹುಡುಕುವುದು, ಕಲಿಯುವುದು, ಬಿಲ್ಲು ಬರೆಯುವುದು ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಕರೆಂಟ್ ಹೋದ ಹೊತ್ತಿಗೂ ಕೊಡುವುದಿಲ್ಲ. ದುಡ್ಡು ಬರುವ ಗಂಟೆ 50 ಅಂತ ಇಟ್ಟುಕೊಳ್ಳಿ. 15,000 ಭಾಗಿಸು 50, ಗಂಟೆಗೆ 300. ಇದು ನಿಮ್ಮ ತಳ, ಇದಕ್ಕಿಂತ ಕೆಳಗೆ ಬಂದರೆ ನಷ್ಟ. ಫೈವರ್ 20 ಪರ್ಸೆಂಟ್ ಹಿಡಿದುಕೊಳ್ಳುತ್ತೆ, ಹಾಗಾಗಿ ಅಲ್ಲಿ 300 ಅಂದರೆ ಕೈಗೆ ಬರುವುದು 240. ಕೈಗೆ 300 ಬರಬೇಕಾದರೆ 375 ಹೇಳಬೇಕು.

ಈ ಅಂಕಿಯನ್ನು ಕನ್ನಡಿ ಮುಂದೆ ನಿಂತು ಜೋರಾಗಿ ಹೇಳಿ ಅಭ್ಯಾಸ ಮಾಡಿ. ಹೇಳಿದ ಮೇಲೆ ಬಾಯಿ ಮುಚ್ಚಿ. "ಜಾಸ್ತಿ ಆಯ್ತಾ, ಕಮ್ಮಿ ಮಾಡ್ಲಾ" ಅಂತ ನಾವೇ ಸೇರಿಸಿಬಿಡುತ್ತೇವೆ, ಅದೊಂದು ಅಭ್ಯಾಸ ಬಿಡಬೇಕು.

ಮೋಸದ ಕೆಲಸಗಳು

ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅದು ಕೆಲಸವೇ ಅಲ್ಲ. ರಿಜಿಸ್ಟ್ರೇಷನ್ ಫೀಸು, ಟ್ರೇನಿಂಗ್ ಕಿಟ್, ಸೆಕ್ಯುರಿಟಿ ಡೆಪಾಸಿಟ್, ಹೆಸರು ಯಾವುದಾದರೂ ಇರಲಿ. ಟೆಲಿಗ್ರಾಮಿನಲ್ಲಿ ಲೈಕ್ ಒತ್ತಿ ದುಡ್ಡು ತಗೊಳ್ಳಿ ಅಂತ ಮೊದಲು ನೂರಿನ್ನೂರು ಹಾಕಿ, ಆಮೇಲೆ ನಿಮ್ಮಿಂದಲೇ ಸಾವಿರಗಟ್ಟಲೆ ಹಾಕಿಸುವವರಿದ್ದಾರೆ. ಡೇಟಾ ಎಂಟ್ರಿ ಕೊಟ್ಟು, ತಪ್ಪು ಜಾಸ್ತಿ ಬಂತು, ಅಗ್ರಿಮೆಂಟ್ ಮುರಿದಿರಿ, ಕೋರ್ಟಿಗೆ ಹಾಕುತ್ತೇವೆ ಅಂತ ಹೆದರಿಸಿ ವಸೂಲಿ ಮಾಡುವವರೂ ಇದ್ದಾರೆ. ನಾನು ಒಂದು ಸಲ ಇಂಥವರಿಗೆ 1,500 ಕಳೆದುಕೊಂಡು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಒಳಗೇ ಕೊರಗಿದೆ. ಹಾಗೆ ಮಾಡಬೇಡಿ. ಮೋಸ ಮಾಡಿದವರು ನಾಚಬೇಕು, ನೀವಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ತಪ್ಪಾಗುತ್ತೆ, ಆಗ ಏನು ಮಾಡಬೇಕು

ಹೋಮ್‌ಸ್ಟೇ ಅಣ್ಣನ ದೊಡ್ಡಪ್ಪನ ಮಗಳು ಇಂಗ್ಲೆಂಡಿನಲ್ಲಿ ಆನ್‌ಲೈನ್ ಯೋಗ ಕ್ಲಾಸ್ ನಡೆಸುತ್ತಾರೆ. ಶೀಟ್ ನೋಡಿ ಅವರೇ ಕೇಳಿಕೊಂಡು ಬಂದರು. ನನ್ನ ಮೊದಲ ವಿದೇಶದ ಕ್ಲೈಂಟ್. ಪ್ರತಿ ಸೋಮವಾರ ಅಲ್ಲಿನ ಬೆಳಿಗ್ಗೆ 10 ಗಂಟೆಗೆ ಕ್ಲಾಸ್. ನಮಗೆ ಮಧ್ಯಾಹ್ನ 3.30. ನಾನು ನನ್ನ ಕ್ಯಾಲೆಂಡರಿನಲ್ಲಿ 3.30 ಅಂತ ಹಾಕಿ ಎಲ್ಲ ವಿದ್ಯಾರ್ಥಿಗಳಿಗೂ ಇನ್ವೈಟ್ ಕಳಿಸಿದೆ. ಜನವರಿ, ಫೆಬ್ರವರಿ ಚೆನ್ನಾಗಿ ಹೋಯಿತು.

ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕುತ್ತಾರೆ. ಮಾರನೇ ದಿನ ಮಧ್ಯಾಹ್ನ 2.40ಕ್ಕೆ ಅವರ ಮೆಸೇಜ್: "ಯಾರೂ ಬಂದಿಲ್ಲ, ಏನಾಗಿದೆ?" ಕೈ ತಣ್ಣಗಾಯಿತು. ನಮ್ಮ 3.30 ಅಲ್ಲಿ 11 ಗಂಟೆ ಆಗಿತ್ತು. ಇನ್ವೈಟ್ ನಂಬಿದವರೆಲ್ಲ 11ಕ್ಕೆ ಕಾಯುತ್ತಿದ್ದರು.

ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗೋಣ ಅನ್ನಿಸಿತು. ಎದ್ದು ನೀರು ಕುಡಿದು ಬಂದು ನಾಲ್ಕು ಸಾಲು ಬರೆದೆ. ಏನಾಯಿತು. ಈಗ ಏನು ಮಾಡಿದೆ: ಎಲ್ಲರಿಗೂ ಮೆಸೇಜ್ ಹೋಗಿದೆ, ಇವತ್ತು ಮಾತ್ರ 11ಕ್ಕೆ ಕ್ಲಾಸ್ ಮಾಡಬಹುದಾ? ಮುಂದಿನ ವಾರಗಳ ಇನ್ವೈಟ್ ಸರಿ ಮಾಡಿದ್ದೇನೆ. ಇನ್ನು ಮೇಲೆ ಎಲ್ಲವನ್ನೂ ಲಂಡನ್ ಟೈಮ್ ಝೋನಿನಲ್ಲೇ ಹಾಕುತ್ತೇನೆ. ಅಳು, ಹತ್ತು ಸಲ ಸಾರಿ, ನೆಪ, ಯಾವುದೂ ಇಲ್ಲ. ಅವರು "ಓಕೆ, 11ಕ್ಕೆ ಮಾಡ್ತೀನಿ" ಅಂದರು. ಇವತ್ತಿಗೂ ಅವರ ಕೆಲಸ ನನ್ನ ಹತ್ತಿರವೇ ಇದೆ.

ನೀವು ಈ ತಪ್ಪು ಮಾಡಬೇಡಿ ಅಂತ ಪೂರ್ತಿ ಹೇಳುತ್ತೇನೆ. ಬ್ರಿಟನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ. ಅಮೆರಿಕದಲ್ಲಿ ಬದಲಾಗುವ ದಿನ ಬೇರೆ: ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ನ್ಯೂಯಾರ್ಕ್ ಹತ್ತೂವರೆ ಗಂಟೆ ಹಿಂದೆ ಇದ್ದದ್ದು ಒಂಬತ್ತೂವರೆ ಆಗುತ್ತೆ. ಜೊತೆಗೆ, ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಅವರ 03/04 ಅಂದರೆ ಮಾರ್ಚ್ 4. ಹಾಗಾಗಿ ನಾನು ತಿಂಗಳನ್ನು ಯಾವಾಗಲೂ ಅಕ್ಷರದಲ್ಲೇ ಬರೆಯುತ್ತೇನೆ.

ಮನೆಯೊಳಗೆ

ಮನೆಯವರಿಗೆ ನಿಮ್ಮ ಕೆಲಸದ ಹೊತ್ತು ಗೊತ್ತಿರಬೇಕು. ನಾನು ಬಾಗಿಲಿಗೆ ಒಂದು ಕೆಂಪು ದುಪಟ್ಟಾ ಕಟ್ಟುತ್ತೇನೆ, ಅದು ಇದ್ದರೆ ಅತ್ತೆ ಕೂಡ ಕರೆಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗ್ಯಾರಂಟಿ, ಹಾಗಾಗಿ ರೂಟರಿಗೆ ಒಂದು ಸಣ್ಣ ಯುಪಿಎಸ್, ಫೋನಿನಲ್ಲಿ ಬೇರೆ ಕಂಪನಿಯ ಸಿಮ್ಮು ಇಟ್ಟುಕೊಳ್ಳಿ. ಕ್ಲೈಂಟಿಗೂ ಇದನ್ನು ಮೊದಲೇ ಹೇಳಿಬಿಡಿ.

ತಿಂಗಳ ಕೊನೆಗೆ

ಇನ್‌ವಾಯ್ಸ್ ಕಳಿಸಲು ಹಿಂಜರಿಯುವವರೇ ಜಾಸ್ತಿ. ನಂಬರ್, ದಿನಾಂಕ, ಮಾಡಿದ ಕೆಲಸ, ಗಂಟೆ, ರೇಟು, ಒಟ್ಟು, ಯಾವ ದಿನದೊಳಗೆ ಕೊಡಬೇಕು, ನಿಮ್ಮ ಬ್ಯಾಂಕ್ ವಿವರ, ಇಷ್ಟಿದ್ದರೆ ಸಾಕು. ಇಲ್ಲಿನವರು ಯುಪಿಐ ಮಾಡುತ್ತಾರೆ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದ ದುಡ್ಡಿಗೆ ಮಾತ್ರ ಬಳಸಬಹುದು. ವೈಸ್ ಅಥವಾ ನೇರ ಬ್ಯಾಂಕ್ ಟ್ರಾನ್ಸ್‌ಫರ್ ಕೂಡ ಇದೆ. ಹೊರಗಿನಿಂದ ಬಂದ ದುಡ್ಡಿಗೆ ಬ್ಯಾಂಕ್ ಪರ್ಪಸ್ ಕೋಡ್ (ದುಡ್ಡು ಯಾವ ಕೆಲಸಕ್ಕೆ ಬಂತು ಅಂತ ಹೇಳುವ ಕೋಡ್) ಕೇಳುತ್ತೆ, ದುಡ್ಡು ಬಂದದ್ದಕ್ಕೆ ಕೊಟ್ಟ ಸರ್ಟಿಫಿಕೇಟನ್ನು ಜೋಪಾನವಾಗಿ ಇಡಿ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದ ಮೇಲೆ, ಆದರೂ ಆದಾಯ ತೆರಿಗೆಗೆ ಒಮ್ಮೆ ಊರಿನ ಆಡಿಟರ್ ಹತ್ತಿರ ಕೂತು ಮಾತಾಡಿ.

ನನ್ನ ಮೊದಲ ಇನ್‌ವಾಯ್ಸ್ ಮೂರು ಸಾವಿರ ರೂಪಾಯಿಯದ್ದು, ನಂಬರ್ 001. ಅಣ್ಣ ಅದನ್ನು ನೋಡಿ "ಇದೆಲ್ಲ ಯಾಕೆ ತಂಗೀ, ಮನೆಯವರೇ ಅಲ್ವಾ" ಅಂದರು. "ಇರಲಿ ಅಣ್ಣ, ನನ್ನ ಲೆಕ್ಕಕ್ಕೆ" ಅಂದೆ. ಹತ್ತು ನಿಮಿಷದಲ್ಲಿ ದುಡ್ಡು ಬಂತು. ಅದರ ಪ್ರಿಂಟನ್ನು ಆ ನೋಟ್‌ಬುಕ್ಕಿನ ಮೊದಲ ಪಟ್ಟಿಯ ಪಕ್ಕ ಅಂಟಿಸಿಟ್ಟಿದ್ದೇನೆ.